ಸಂವಿಧಾನದ ಪಟ್ಟಿಗಳು ಮತ್ತು ಬೀಳಗಿಯ ಠೇವಣಿದಾರ

ಬೀಳಗಿ ಪೇಟೆಯ ವರ್ತಕನು ತನ್ನ ಉಳಿತಾಯವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿಡಬಹುದು, ಸಹಕಾರಿ ಬ್ಯಾಂಕಿನಲ್ಲಿಡಬಹುದು ಅಥವಾ ಪತ್ತಿನ ಸಹಕಾರಿ ಸಂಘದಲ್ಲಿಡಬಹುದು. ಮೂರೂ ಕಡೆ ದೊರೆಯುವ ಪಾಸ್‌ಬುಕ್ ಒಂದೇ ತೆರನಾಗಿ ಕಾಣುತ್ತದೆ. ಅದರ ಹಿಂದಿರುವ ಕಾನೂನಿನ ರಕ್ಷಣೆ ಮಾತ್ರ ಒಂದೇ ಅಲ್ಲ. ಈ ವ್ಯತ್ಯಾಸದ ಮೂಲವನ್ನು ಅರಸಿದರೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಕಾಲಕ್ಕೆ ಹೋಗಬೇಕಾಗುತ್ತದೆ.

ಅಂಬೇಡ್ಕರರು ಮೂಲತಃ ಅರ್ಥಶಾಸ್ತ್ರಜ್ಞರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥವು 1923ರಲ್ಲಿ ಪ್ರಕಟವಾಯಿತು. ನಾಣ್ಯ ಹೊರಡಿಸುವವರ ವಿವೇಚನಾಧಿಕಾರಕ್ಕೆ ಕಟ್ಟುನಿಟ್ಟಾದ ಮಿತಿ ಇರಬೇಕೆಂಬುದು ಅವರ ವಾದವಾಗಿತ್ತು. ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಕೇಂದ್ರೀಯ ಬ್ಯಾಂಕೊಂದನ್ನು ಸ್ಥಾಪಿಸುವಂತೆ ಆ ಆಯೋಗವು 1926ರಲ್ಲಿ ಶಿಫಾರಸು ಮಾಡಿತು; ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿತು. ಅದರ ಸ್ಥಾಪನೆಯ ಶ್ರೇಯಸ್ಸು ಒಬ್ಬರಿಗೇ ಸಲ್ಲುವುದಿಲ್ಲವಾದರೂ ಆ ಚಿಂತನೆಯಲ್ಲಿ ಅವರ ಪಾಲು ನಿರ್ವಿವಾದ.

1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು ಬಲಿಷ್ಠ ಕೇಂದ್ರದ ಪರವಾಗಿ ನಿಂತರು. ಅಂದು ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ನೆರೆಯ ಜಮಖಂಡಿ, ಮುಧೋಳಗಳು 1948ರವರೆಗೂ ದೇಶೀ ಸಂಸ್ಥಾನಗಳು. ಹೀಗೆ ಹರಿದು ಹಂಚಿಹೋಗಿದ್ದ ನಾಡಿಗೆ ಏಕರೂಪದ ಹಣಕಾಸು ವ್ಯವಸ್ಥೆ ಅಗತ್ಯವಾಗಿತ್ತು. 1935ರ ಕಾಯಿದೆಯ ಮಾದರಿಯನ್ನೇ ಬಹುಮಟ್ಟಿಗೆ ಅನುಸರಿಸಿ, ಸಂವಿಧಾನದ ಏಳನೆಯ ಅನುಸೂಚಿಯು ಬ್ಯಾಂಕಿಂಗ್ ವಿಷಯವನ್ನು ಕೇಂದ್ರ ಪಟ್ಟಿಯ 45ನೆಯ ನಮೂದಿನಲ್ಲಿಯೂ, ಸಹಕಾರ ಸಂಘಗಳನ್ನು ರಾಜ್ಯ ಪಟ್ಟಿಯ 32ನೆಯ ನಮೂದಿನಲ್ಲಿಯೂ ಇರಿಸಿತು.

ಸಹಕಾರಿ ಬ್ಯಾಂಕು ಈ ಎರಡೂ ಪಟ್ಟಿಗಳ ನಡುವೆ ನಿಂತಿತು. ಅದರ ನೋಂದಣಿ, ಚುನಾವಣೆಗಳು ರಾಜ್ಯದ ಕಾಯಿದೆಗೆ ಒಳಪಟ್ಟವು. ಬ್ಯಾಂಕಿಂಗ್ ವ್ಯವಹಾರವು 1966ರ ಮಾರ್ಚ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಬಂದಿತು. 2020ರ ತಿದ್ದುಪಡಿಯು ಈ ನಿಯಂತ್ರಣವನ್ನು ಇನ್ನಷ್ಟು ಬಿಗಿಗೊಳಿಸಿತು. ಠೇವಣಿ ವಿಮೆಯ ಮಿತಿಯನ್ನು 2020ರ ಫೆಬ್ರವರಿ 4ರಿಂದ 1 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ, ಅಸಲು ಮತ್ತು ಬಡ್ಡಿ ಸೇರಿ, ಅನ್ವಯಿಸುವ ಮಿತಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಲಿ, ಬ್ಯಾಂಕಿಂಗ್ ಪರವಾನಗಿ ಇಲ್ಲದ ಸೌಹಾರ್ದ ಪತ್ತಿನ ಸಹಕಾರಿಗಳಿಗಾಗಲಿ ಈ ವಿಮೆಯಿಲ್ಲ.

ಕೇಂದ್ರೀಕರಣಕ್ಕೆ ಇನ್ನೊಂದು ಮುಖವೂ ಇದೆ. ವಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಧಾರವಾಡ ಕೇಂದ್ರದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ಭದ್ರತೆ ಹೆಚ್ಚಿದಂತೆ ತೀರ್ಮಾನ ಕೈಗೊಳ್ಳುವ ಸ್ಥಾನವು ತಾಲ್ಲೂಕಿನಿಂದ ದೂರ ಸರಿಯಿತು. ಸಾಲಗಾರನ ಗುಣ, ವ್ಯವಹಾರಗಳನ್ನು ಕಣ್ಣಾರೆ ಬಲ್ಲ ಸ್ಥಳೀಯ ಸಹಕಾರಿಗಳು ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ವರ್ತಕರು ಹೆಚ್ಚಿನ ಬಡ್ಡಿಯೊಂದನ್ನೇ ನೋಡದೆ, ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ, ಠೇವಣಿಗೆ ವಿಮೆಯುಂಟೇ ಎಂಬುದನ್ನು ಮೊದಲು ವಿಚಾರಿಸಬೇಕು. ವಿಮೆಯಿಲ್ಲದ ಸಂಘದಲ್ಲಿ ಹಣವಿಡುವ ಸದಸ್ಯರು ವಾರ್ಷಿಕ ಸಭೆಗೆ ಹಾಜರಾಗಿ, ಲೆಕ್ಕಪರಿಶೋಧನಾ ವರದಿಯನ್ನು ಓದಿ, ವಸೂಲಾಗದ ಸಾಲದ ಮೊತ್ತವನ್ನು ಕೇಳಬೇಕು. ಪರರ ಹಣವನ್ನು ನಿರ್ವಹಿಸುವವರ ವಿವೇಚನೆಗೆ ಮಿತಿ ಬೇಕೆಂಬ ತತ್ತ್ವವು ದೆಹಲಿಗೆ ಸಲ್ಲುವಂತೆ ಬೀಳಗಿಗೂ ಸಲ್ಲುತ್ತದೆ.