ಮಾಹಿತಿ ಸೋರಿಕೆಯ ಸೂಚನಾ ಪತ್ರ ಬಂದಾಗ ನಾಗರಿಕರು ಅನುಸರಿಸಬೇಕಾದ ಕ್ರಮಗಳು

(ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಸಾರ್ವಜನಿಕರ ತಿಳುವಳಿಕೆಗಾಗಿ)

1. ಪೀಠಿಕೆ

ಸರ್ಕಾರದ ಸೇವೆಗಾಗಿ ಅರ್ಜಿ ಸಲ್ಲಿಸುವಾಗ ನಾಗರಿಕರು ತಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಭಾವಚಿತ್ರ ಮತ್ತು ಕೆಲವು ಸಂದರ್ಭಗಳಲ್ಲಿ ಬೆರಳಚ್ಚನ್ನು ಒದಗಿಸುತ್ತಾರೆ. ಬ್ಯಾಂಕು, ವಿಮಾ ಸಂಸ್ಥೆ, ಆಸ್ಪತ್ರೆ, ದೂರವಾಣಿ ಕಂಪನಿಗಳ ಬಳಿಯೂ ಇವೇ ವಿವರಗಳಿರುತ್ತವೆ. ಹೀಗೆ ಸಂಗ್ರಹವಾದ ಮಾಹಿತಿಯು ಅನಧಿಕೃತ ವ್ಯಕ್ತಿಗಳ ಕೈಸೇರುವುದನ್ನು ಮಾಹಿತಿ ಸೋರಿಕೆ ಎನ್ನಲಾಗುತ್ತದೆ. ಸೋರಿಕೆಯಾದಾಗ ಸಂಬಂಧಪಟ್ಟ ಸಂಸ್ಥೆಯು ಬಾಧಿತರಿಗೆ ಅಂಚೆ, ಇ-ಮೇಲ್ ಅಥವಾ ಕಿರುಸಂದೇಶದ ಮೂಲಕ ಕಳುಹಿಸುವ ತಿಳುವಳಿಕೆಯೇ ಸೂಚನಾ ಪತ್ರ.

ಇಂತಹ ಪತ್ರವನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಹಲವರು ಓದದೆ ಬದಿಗಿಡುತ್ತಾರೆ. ಎರಡೂ ಸರಿಯಲ್ಲ. ಸೋರಿದ ವಿವರ ಯಾವುದೆಂದು ಮೊದಲು ತಿಳಿದುಕೊಂಡು, ಅದನ್ನು ಬಳಸಿ ಇತರರು ತಮ್ಮ ಖಾತೆಗೆ ಅಥವಾ ಹೆಸರಿಗೆ ಕೈಹಾಕದಂತೆ ತಡೆಯುವುದೇ ಸರಿಯಾದ ಕ್ರಮ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಬೆರಳಚ್ಚು ಸೋರಿದರೆ ಬೆರಳನ್ನು ಬದಲಾಯಿಸಲಾಗದು. ಆದುದರಿಂದ ಎಲ್ಲ ಸೋರಿಕೆಗೂ ಒಂದೇ ಪರಿಹಾರವಿಲ್ಲ.

2. ರಾಜ್ಯದ ಅನುಭವ

2023ನೇ ಸಾಲಿನಲ್ಲಿ ಬೆಂಗಳೂರು, ಮಂಗಳೂರು ಮುಂತಾದೆಡೆ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಕಡಿತವಾಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ನೋಂದಣಿ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ಪಡೆದು, ಕೃತಕ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಮಂಗಳೂರು ಪೊಲೀಸರು 2023ರ ಅಕ್ಟೋಬರ್‌ನಲ್ಲಿ ಈ ಸಂಬಂಧ ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು. ತರುವಾಯ, ಜಾಲತಾಣದಲ್ಲಿ ಲಭ್ಯವಾಗುವ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಇದಕ್ಕೂ ಮೊದಲು, 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಭೂ ದಸ್ತಾವೇಜುಗಳ ಬೆರಳಚ್ಚಿನಿಂದ ಅನ್ಯರ ಹೆಸರಿನಲ್ಲಿ ಸಿಮ್ ಕಾರ್ಡುಗಳನ್ನು ಚಾಲನೆಗೊಳಿಸಿದ ಪ್ರಕರಣ ಬೆಳಕಿಗೆ ಬಂದಿತ್ತು.

ಸದರಿ ಪಾವತಿ ವ್ಯವಸ್ಥೆಯು ಕಂಪ್ಲಿ ಸುತ್ತಲಿನ ಗ್ರಾಮಗಳಲ್ಲಿ, ಸಂಡೂರಿನ ಗಣಿ ಗ್ರಾಮಗಳಲ್ಲಿ ಮತ್ತು ಬ್ಯಾಂಕ್ ಶಾಖೆ ದೂರವಿರುವ ಕಡೆಗಳಲ್ಲಿ ಬಹು ಉಪಯುಕ್ತ. ಬ್ಯಾಂಕ್ ಮಿತ್ರರ ಬಳಿ ಬೆರಳಿಟ್ಟರೆ ಪಿಂಚಣಿ ಕೈಗೆ ಬರುತ್ತದೆ. ಒಂದು ವಹಿವಾಟಿನಲ್ಲಿ ರೂ. 10,000ದವರೆಗೆ ಪಡೆಯಬಹುದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇವಿಷ್ಟೇ ಸಾಕು ಎಂಬುದೇ ಇದರ ಅನುಕೂಲ. ಈ ಮೂರೂ ಅನ್ಯರ ಪಾಲಾದಾಗ ಅದೇ ಅಪಾಯ.

3. ಪತ್ರವು ಅಸಲಿಯೇ ಎಂದು ಪರಿಶೀಲಿಸುವುದು

ಸೋರಿಕೆಯ ಸುದ್ದಿಯನ್ನೇ ನೆಪವಾಗಿಸಿ ನಕಲಿ ಪತ್ರ ಕಳುಹಿಸುವವರಿದ್ದಾರೆ. ಆದಕಾರಣ:

(ಅ) ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಬಾರದು, ಲಿಂಕನ್ನು ತೆರೆಯಬಾರದು.
(ಆ) ಪಾಸ್‌ಬುಕ್, ಎಟಿಎಂ ಕಾರ್ಡಿನ ಹಿಂಭಾಗ, ವಿಮಾ ಪಾಲಿಸಿ ಅಥವಾ ಹಳೆಯ ರಸೀದಿಯಲ್ಲಿ ಮುದ್ರಿತವಾಗಿರುವ ಸಂಖ್ಯೆಗೆ ತಾವೇ ಕರೆ ಮಾಡಿ, ಅಥವಾ ಶಾಖೆಗೆ ಖುದ್ದಾಗಿ ಹೋಗಿ ವಿಚಾರಿಸಬೇಕು.
(ಇ) ಒಟಿಪಿ, ಪಿನ್, ಪೂರ್ಣ ಕಾರ್ಡ್ ಸಂಖ್ಯೆ ಅಥವಾ ‘ಪರಿಶೀಲನಾ ಶುಲ್ಕ’ ಕೇಳುವ ಪತ್ರವನ್ನು ನಕಲಿ ಎಂದೇ ತಿಳಿಯತಕ್ಕದ್ದು.
(ಈ) ನಕಲಿ ಎಂದು ಕಂಡುಬಂದರೂ ಪತ್ರವನ್ನು ಹರಿಯದೆ, ಅಳಿಸದೆ ಇಟ್ಟುಕೊಳ್ಳಬೇಕು. ಅದು ಸಾಕ್ಷ್ಯವಾಗುತ್ತದೆ.

4. ಪತ್ರದಲ್ಲಿ ಗಮನಿಸಬೇಕಾದ ಅಂಶಗಳು

ಯಾವ ವಿವರ ಸೋರಿದೆ, ಯಾವುದು ಸೋರಿಲ್ಲ, ಯಾವ ಅವಧಿಗೆ ಸಂಬಂಧಿಸಿದ್ದು, ಯಾರನ್ನು ಸಂಪರ್ಕಿಸಬೇಕು ಎಂಬ ನಾಲ್ಕು ಅಂಶಗಳನ್ನು ಗುರುತು ಹಾಕಿಕೊಳ್ಳುವುದು ಸೂಕ್ತ. ಉದಾಹರಣೆಗೆ, 2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಸಂಸ್ಥೆಯು ಸೋರಿಕೆಯ ಬಗ್ಗೆ ತನ್ನ ಪ್ರಯಾಣಿಕರಿಗೆ ತಿಳುವಳಿಕೆ ನೀಡಿತು. ವಿಶ್ವದಾದ್ಯಂತ ಸುಮಾರು 45 ಲಕ್ಷ ಪ್ರಯಾಣಿಕರು ಇದರಿಂದ ಬಾಧಿತರಾಗಿದ್ದರು. 2011ರ ಆಗಸ್ಟ್‌ನಿಂದ 2021ರ ಫೆಬ್ರವರಿವರೆಗೆ ನೋಂದಾದ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಮತ್ತು ಕಾರ್ಡ್ ವಿವರಗಳು ಸೋರಿವೆ, ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆ ಸೋರಿಲ್ಲ ಎಂದು ಅದರಲ್ಲಿ ಸ್ಪಷ್ಟಪಡಿಸಲಾಗಿತ್ತು.

ಆ ಸೋರಿಕೆಯ ಮೊದಲ ಸುಳಿವು ಸಂಸ್ಥೆಗೆ ದೊರೆತದ್ದು ಫೆಬ್ರವರಿ ಕೊನೆಯಲ್ಲಿ. ವಿವರವಾದ ಪ್ರಕಟಣೆ ಹೊರಬಿದ್ದದ್ದು ಮೇ ತಿಂಗಳಲ್ಲಿ. ಪತ್ರ ಕೈಸೇರುವ ಹೊತ್ತಿಗೆ ವಾರಗಳು, ತಿಂಗಳುಗಳು ಕಳೆದಿರಬಹುದು. ಆದುದರಿಂದ ಪಾಸ್‌ಬುಕ್ಕನ್ನು ಪತ್ರ ಬಂದ ದಿನದಿಂದಲ್ಲ, ಪತ್ರದಲ್ಲಿ ಹೇಳಿರುವ ಸೋರಿಕೆಯ ದಿನದಿಂದ ತಾಳೆ ನೋಡಬೇಕು. ಸಣ್ಣ ಮೊತ್ತದ ನಮೂದನ್ನೂ ಬಿಡಬಾರದು.

5. ಸೋರಿದ ವಿವರಕ್ಕೆ ತಕ್ಕ ಕ್ರಮ

(1) ಪಾಸ್‌ವರ್ಡ್: ಕೂಡಲೇ ಬದಲಾಯಿಸಿ. ಅದೇ ಪಾಸ್‌ವರ್ಡನ್ನು ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಾಯಿಸಿ. ಮೊದಲ ಆದ್ಯತೆ ಇ-ಮೇಲ್ ಖಾತೆಗೆ ಇರಲಿ. ಇತರ ಖಾತೆಗಳ ಪಾಸ್‌ವರ್ಡ್ ಮರುಹೊಂದಿಕೆ ಅದರ ಮೂಲಕವೇ ನಡೆಯುತ್ತದೆ.

(2) ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್: ಕಾರ್ಡನ್ನು ಸ್ಥಗಿತಗೊಳಿಸಿ, ಹೊಸ ಕಾರ್ಡಿಗೆ ಅರ್ಜಿ ನೀಡಿ.

(3) ಪ್ಯಾನ್ ಸಂಖ್ಯೆ: ತಮ್ಮ ಹೆಸರಿನಲ್ಲಿ ಇತರರು ಸಾಲ ಪಡೆದಿದ್ದಾರೆಯೇ ಎಂದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು.

(4) ಗುರುತಿನ ಚೀಟಿಯ ಪ್ರತಿ: ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳ ಪಟ್ಟಿ ನೋಡಿ, ತಮ್ಮದಲ್ಲದ ಸಂಖ್ಯೆಯನ್ನು ವರದಿ ಮಾಡಿ. ಹಂಪಿಯ ವಸತಿಗೃಹಗಳಿಗೆ, ತೋರಣಗಲ್ಲು ಭಾಗದ ಗುತ್ತಿಗೆದಾರರಿಗೆ ಗುರುತಿನ ಚೀಟಿಯ ಪ್ರತಿ ನೀಡಿದವರು ಇದನ್ನು ಆಗಾಗ್ಗೆ ನೋಡುವುದು ಒಳಿತು.

(5) ಆಧಾರ್ ಸಂಖ್ಯೆ ಅಥವಾ ಬೆರಳಚ್ಚು: ಬಯೋಮೆಟ್ರಿಕ್ ಲಾಕ್ ಮಾಡಿ. ವಿವರ ಮುಂದಿದೆ.

6. ಬಯೋಮೆಟ್ರಿಕ್ ಲಾಕ್

ಆಧಾರ್ ಪ್ರಾಧಿಕಾರದ ಅಧಿಕೃತ ಜಾಲತಾಣ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆ ಹಾಗೂ ಮುಖಚಹರೆಯ ದೃಢೀಕರಣವನ್ನು ಲಾಕ್ ಮಾಡಬಹುದು. ಲಾಕ್ ಆದ ನಂತರ ಯಾರ ಬಳಿ ಬೆರಳಚ್ಚಿನ ಪ್ರತಿಯಿದ್ದರೂ ದೃಢೀಕರಣ ಆಗುವುದಿಲ್ಲ. ಇದಕ್ಕೆ ಆಧಾರ್‌ನೊಂದಿಗೆ ನೋಂದಾಯಿತ ಮೊಬೈಲ್ ಸಂಖ್ಯೆ ಅವಶ್ಯ. ಸಂಖ್ಯೆ ನೋಂದಣಿಯಾಗಿರದಿದ್ದಲ್ಲಿ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನೋಂದಾಯಿಸಿಕೊಳ್ಳಬೇಕು. ಸಂದೇಹಗಳಿಗೆ ಸಹಾಯವಾಣಿ 1947. ಕಳೆದ ಆರು ತಿಂಗಳಲ್ಲಿ ತಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ದೃಢೀಕರಣ ಇತಿಹಾಸವನ್ನೂ ಅದೇ ಜಾಲತಾಣದಲ್ಲಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲಾಕ್ ಮಾಡಿದವರ ಬೆರಳು ನ್ಯಾಯಬೆಲೆ ಅಂಗಡಿಯಲ್ಲಿ, ಬ್ಯಾಂಕ್ ಮಿತ್ರರ ಬಳಿ ಅಥವಾ ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರದ ಸಮಯದಲ್ಲಿ ಸ್ವೀಕೃತವಾಗುವುದಿಲ್ಲ. ಅಂತಹ ದಿನ ಅಲ್ಪಾವಧಿಗೆ ಅನ್‌ಲಾಕ್ ಮಾಡಿಕೊಳ್ಳಬೇಕು. ಹಿರಿಯ ನಾಗರಿಕರ ಆಧಾರ್ ಅನ್ನು ಮಕ್ಕಳು ಲಾಕ್ ಮಾಡಿ, ತಿಳಿಸದೆ ಪರಸ್ಥಳಕ್ಕೆ ಹೋದಲ್ಲಿ ಅವರು ಪಡಿತರವಿಲ್ಲದೆ ಹಿಂದಿರುಗಬೇಕಾದೀತು. ಲಾಕ್ ಮಾಡುವ ಮುನ್ನ ಅವರಿಗೆ ತಿಳಿಸಿ, ಅನ್‌ಲಾಕ್ ಮಾಡಿಕೊಡುವವರು ಯಾರು ಎಂಬುದನ್ನು ಮನೆಯಲ್ಲಿ ನಿಶ್ಚಯಿಸಿಕೊಳ್ಳಬೇಕು. ಬೆರಳಚ್ಚಿನಿಂದ ಹಣ ಪಡೆಯುವ ಅಗತ್ಯವೇ ಇಲ್ಲದವರು, ಖಾತೆಗೆ ಈ ಸೌಲಭ್ಯವನ್ನು ನಿಲ್ಲಿಸುವಂತೆ ಬ್ಯಾಂಕಿಗೆ ಲಿಖಿತ ಮನವಿಯನ್ನೂ ನೀಡಬಹುದು.

7. ಹಣ ಕಡಿತವಾಗಿದ್ದಲ್ಲಿ

ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಸಾಗುವ ಮೊದಲೇ ತಡೆಹಿಡಿಯುವ ಅವಕಾಶ ಆರಂಭದ ಗಂಟೆಗಳಲ್ಲಿ ಹೆಚ್ಚು. ನಂತರ ಬ್ಯಾಂಕ್ ಶಾಖೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು.

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಬ್ಯಾಂಕಿನ ಅಥವಾ ಗ್ರಾಹಕರ ತಪ್ಪಿಲ್ಲದೆ ಮೂರನೆಯವರ ಲೋಪದಿಂದ ಹಣ ಹೋದಾಗ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದ ಗ್ರಾಹಕರ ಮೇಲೆ ಹೊಣೆ ಇರುವುದಿಲ್ಲವೆಂದು ನಿಗದಿಪಡಿಸಿತು. ಗ್ರಾಹಕರದೇ ತಪ್ಪೆಂದು ರುಜುವಾತುಪಡಿಸುವ ಭಾರವನ್ನು ಬ್ಯಾಂಕಿನ ಮೇಲಿರಿಸಿತು. ನಂತರದ ತಿದ್ದುಪಡಿಗಳನ್ನು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಬಹುದು. ಯಾವುದೇ ನಿಯಮದಲ್ಲಿಯೂ ವಿಳಂಬವು ಗ್ರಾಹಕರಿಗೇ ನಷ್ಟ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

8. ಪೊಲೀಸ್ ದೂರಿನ ವ್ಯಾಪ್ತಿ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಈ ಭಾಗದ ವ್ಯಾಪ್ತಿ ಬದಲಾಗಿದೆ. ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ; ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಅದರಂತೆ ಸೈಬರ್ ಪ್ರಕರಣಗಳಿಗಾಗಿ ಆಯಾ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯನ್ನು ಸಂಪರ್ಕಿಸಬೇಕು. ಆದರೆ ಕಂಪ್ಲಿಯ ನಿವಾಸಿ ಹೊಸಪೇಟೆಯಲ್ಲಿರುವಾಗ ಹಣ ಹೋದದ್ದು ತಿಳಿದರೆ ಬಳ್ಳಾರಿಗೆ ಹೋಗುವವರೆಗೆ ಕಾಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕರಣ 173ರ ಪ್ರಕಾರ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಘಟನೆ ಯಾವ ಸ್ಥಳದಲ್ಲಿ ನಡೆದಿದ್ದರೂ ನೀಡಬಹುದು.

9. ಬ್ಯಾಂಕಿಗೆ ನೀಡುವ ದೂರಿನ ಮಾದರಿ

ಇವರಿಗೆ: ಶಾಖಾ ವ್ಯವಸ್ಥಾಪಕರು, ........ ಬ್ಯಾಂಕ್, ........ ಶಾಖೆ.
ವಿಷಯ: ಅನಧಿಕೃತವಾಗಿ ಕಡಿತವಾದ ಹಣವನ್ನು ಮರುಜಮೆ ಮಾಡುವ ಕುರಿತು.
ಮಾನ್ಯರೇ, ನನ್ನ ಖಾತೆ ಸಂಖ್ಯೆ ........ ಇದರಿಂದ ದಿನಾಂಕ ........ ರಂದು ರೂ. ........ ಕಡಿತವಾಗಿರುತ್ತದೆ. ಸದರಿ ವಹಿವಾಟನ್ನು ನಾನು ಮಾಡಿರುವುದಿಲ್ಲ, ಯಾರಿಗೂ ಅನುಮತಿ ನೀಡಿರುವುದಿಲ್ಲ. ಈ ವಿಷಯ ನನಗೆ ದಿನಾಂಕ ........ ರಂದು ತಿಳಿದುಬಂದಿರುತ್ತದೆ. 1930ರಲ್ಲಿ ದಾಖಲಾದ ದೂರಿನ ಸಂಖ್ಯೆ ........ ಆಗಿರುತ್ತದೆ. ಖಾತೆಯಿಂದ ಮುಂದಿನ ಕಡಿತವನ್ನು ತಡೆದು, ಮೊತ್ತವನ್ನು ಮರುಜಮೆ ಮಾಡಿ, ಈ ಅರ್ಜಿಗೆ ಸ್ವೀಕೃತಿ ನೀಡಬೇಕೆಂದು ಕೋರುತ್ತೇನೆ.
ಲಗತ್ತು: ಪಾಸ್‌ಬುಕ್ ಪುಟ, ಸೂಚನಾ ಪತ್ರ, ಕಿರುಸಂದೇಶದ ಪ್ರತಿ.

10. ಕಾನೂನಿನ ಸ್ಥಿತಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸೋರಿಕೆಯ ಸ್ವರೂಪ, ಸಂಭವನೀಯ ಪರಿಣಾಮ, ಸಂಸ್ಥೆ ಕೈಗೊಂಡ ಕ್ರಮ, ನಾಗರಿಕರು ಕೈಗೊಳ್ಳಬಹುದಾದ ಕ್ರಮ ಮತ್ತು ಸಂಪರ್ಕ ವಿವರಗಳನ್ನು ಪ್ರತಿ ಬಾಧಿತರಿಗೂ ಸರಳ ಭಾಷೆಯಲ್ಲಿ ವಿಳಂಬವಿಲ್ಲದೆ ತಿಳಿಸಬೇಕೆಂದು ಅವು ವಿಧಿಸುತ್ತವೆ. ಈ ಬಾಧ್ಯತೆಯು ಪ್ರಕಟಣೆಯಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ನಿಗದಿಯಾಗಿದೆ. ತಿಳಿಸಲು ತಪ್ಪಿದಲ್ಲಿ ರೂ. 200 ಕೋಟಿಯವರೆಗೆ ದಂಡ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಪತ್ರ ಬಂದಿಲ್ಲ, ಆದರೆ ಸೋರಿಕೆಯ ಸುದ್ದಿ ಪತ್ರಿಕೆಯಲ್ಲಿ ಓದಿದ್ದೇನೆ. ಏನು ಮಾಡಬೇಕು?
ಉತ್ತರ: ಪತ್ರಕ್ಕಾಗಿ ಕಾಯಬೇಕಿಲ್ಲ. ಆ ಸಂಸ್ಥೆಗೆ ತಾವು ನೀಡಿದ ವಿವರಗಳನ್ನು ನೆನಪಿಸಿಕೊಂಡು ಕ್ರಮ ಸಂಖ್ಯೆ 5ರಂತೆ ನಡೆದುಕೊಳ್ಳಬಹುದು.

ಪ್ರಶ್ನೆ: ಅರ್ಜಿಯೊಂದಿಗೆ ಆಧಾರ್ ಪ್ರತಿ ಕೇಳುತ್ತಾರೆ. ಕೊಡಬಾರದೇ?
ಉತ್ತರ: ಪೂರ್ಣ ಸಂಖ್ಯೆಯ ಅಗತ್ಯವಿಲ್ಲದೆಡೆ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ನೀಡಬಹುದು. ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕ ಬರೆದು ಸಹಿ ಮಾಡುವುದು ಒಳ್ಳೆಯ ರೂಢಿ.

ಪ್ರಶ್ನೆ: ಕಡಿತವಾದದ್ದು ಸಣ್ಣ ಮೊತ್ತ. ದೂರು ಬೇಕೇ?
ಉತ್ತರ: ಬೇಕು. ಖಾತೆ ತೆರೆದುಕೊಳ್ಳುತ್ತದೆಯೇ ಎಂದು ನೋಡಲು ವಂಚಕರು ಮೊದಲು ಸಣ್ಣ ಮೊತ್ತ ತೆಗೆಯುವುದುಂಟು.

ವಿಶೇಷ ಸೂಚನೆ: ಸೂಚನಾ ಪತ್ರ, ದೂರಿನ ಪ್ರತಿ ಮತ್ತು ಸ್ವೀಕೃತಿಗಳನ್ನು ಒಂದೇ ಕಡತದಲ್ಲಿ ದಿನಾಂಕವಾರು ಇಟ್ಟುಕೊಳ್ಳಲು ಕೋರಲಾಗಿದೆ. ಓದು ಬರಹ ಬಾರದ ನೆರೆಹೊರೆಯವರಿಗೆ ಇಂತಹ ಪತ್ರ ಬಂದಲ್ಲಿ ಓದಿ ಹೇಳಿ, ಅಗತ್ಯವಿದ್ದರೆ 1930ಕ್ಕೆ ಕರೆ ಮಾಡಲು ಸಾರ್ವಜನಿಕರು ನೆರವಾಗಬೇಕಾಗಿ ವಿನಂತಿ.