ಬಘೀರನೂ ನಮ್ಮ ತೋಟದ ಚಿರತೆಯೂ

ಬೇಸಿಗೆಯ ಧರ್ಮೋಪದೇಶ ಶಿಬಿರದ ಕೊನೆಯ ದಿನ ಮಕ್ಕಳಿಗೆ ಒಂದು ಚಲನಚಿತ್ರ ತೋರಿಸುವುದು ನಮ್ಮ ಧರ್ಮಕೇಂದ್ರದ ವಾಡಿಕೆ. ಕೆಲವು ವರ್ಷಗಳ ಹಿಂದೆ ನಾವು ಆರಿಸಿಕೊಂಡದ್ದು ವಾಲ್ಟ್ ಡಿಸ್ನಿ ಸಂಸ್ಥೆಯ ‘ದಿ ಜಂಗಲ್ ಬುಕ್’ ಎಂಬ ಕಾರ್ಟೂನ್ ಚಿತ್ರವನ್ನು. ಗುರುಮಠದ ದಿನಗಳಲ್ಲಿ ನೋಡಿ ಮೆಚ್ಚಿದ್ದ ನೆನಪು ನಮಗಿತ್ತು. ಬಾಲೂ ಕರಡಿಯು ತೆಂಗಿನ ಚಿಪ್ಪನ್ನು ಮೂತಿಗೆ ಕಟ್ಟಿಕೊಂಡು, ಹುಲ್ಲಿನ ಲಂಗ ತೊಟ್ಟು ಕೋತಿಗಳ ನಡುವೆ ಕುಣಿದಾಗ ಸಭಾಂಗಣವೆಲ್ಲ ನಗೆಯಲ್ಲಿ ಮುಳುಗಿತು. ಕೊಬ್ಬರಿಯ ಸೀಮೆಯ ಮಕ್ಕಳಿಗೂ ಚಿಪ್ಪಿನ ಈ ಉಪಯೋಗ ಹೊಸದು.

ಪ್ರದರ್ಶನ ಮುಗಿದ ಮೇಲೆ ನಾವು ಹತ್ತು ನಿಮಿಷ ಮಾತನಾಡಿದೆವು. ಕಾಡಿನ ಪ್ರಾಣಿಗಳೆಲ್ಲ ನಮ್ಮ ಸ್ನೇಹಿತರು, ಅರಿವು ಬಂದರೆ ಅಂಜಿಕೆ ಹೋಗುತ್ತದೆ ಎಂದೆಲ್ಲ ಹೇಳಿದೆವು. ಆಗ ಹಿಂದಿನ ಸಾಲಿನಲ್ಲಿದ್ದ ತೋಟದ ಮನೆಯ ಬಾಲಕನೊಬ್ಬ ಎದ್ದುನಿಂತು, “ಫಾದರ್, ನಮ್ಮ ಕರಿಯನನ್ನು ಹೊತ್ತುಕೊಂಡು ಹೋದದ್ದೂ ಬಘೀರನೇನಾ?” ಎಂದು ಕೇಳಿದ. ಉಳಿದವರು ನಕ್ಕರು. ಕರಿಯ ಅವರ ಮನೆಯ ನಾಯಿ. ಜಗಲಿಯ ಮೇಲೆ ಮಲಗಿದ್ದ ಅದನ್ನು ಹಿಂದಿನ ವಾರವಷ್ಟೇ ಚಿರತೆ ಎತ್ತಿಕೊಂಡು ಹೋಗಿತ್ತು. ನಮಗೆ ಉತ್ತರ ಹೊಳೆಯಲಿಲ್ಲ. ಬಾಲಕ ಮೌನವಾಗಿ ಹೊರಗೆ ನಡೆದುಹೋದ. ಅವನ ಆ ಪ್ರಶ್ನೆಯ ದೆಸೆಯಿಂದಲೇ ಈಚೆಗೆ ಅದೇ ಚಿತ್ರವನ್ನು ಏಕಾಂತದಲ್ಲಿ ಕುಳಿತು ಮತ್ತೊಮ್ಮೆ ನೋಡಿದೆವು.

ರಡ್ಯಾರ್ಡ್ ಕಿಪ್ಲಿಂಗರು 1894ರಲ್ಲಿ ಪ್ರಕಟಿಸಿದ ಕಥೆಗಳೇ ಚಿತ್ರಕ್ಕೆ ಆಧಾರ. ಚಿತ್ರ ತೆರೆಕಂಡದ್ದು 1967ರ ಅಕ್ಟೋಬರಿನಲ್ಲಿ. ಅದನ್ನು ನೋಡುವ ಭಾಗ್ಯ ಡಿಸ್ನಿಯವರಿಗೆ ಇರಲಿಲ್ಲ, 1966ರ ಡಿಸೆಂಬರಿನಲ್ಲೇ ಅವರು ತೀರಿಕೊಂಡಿದ್ದರು. ಈ ಕಥೆಗೂ ಕನ್ನಡ ನಾಡಿಗೂ ಒಂದು ನಂಟುಂಟು. 1942ರಲ್ಲಿ ಜೊಲ್ಟಾನ್ ಕೊರ್ಡಾ ಅವರು ಇದೇ ಕಥೆಯನ್ನು ನಟರನ್ನಿಟ್ಟು ಚಿತ್ರವಾಗಿ ತೆಗೆದಾಗ ಮೋಗ್ಲಿಯ ಪಾತ್ರ ವಹಿಸಿದವನು ಮೈಸೂರು ಸೀಮೆಯ ಕಾರಾಪುರದ ಮಾವುತನೊಬ್ಬನ ಮಗ ಸಾಬು. ಕಾರಾಪುರ ಇರುವುದು ಕಬಿನಿಯ ತೀರದಲ್ಲಿ. ಅದೇ ಕಬಿನಿಯ ಕಾಡಿನಲ್ಲಿ ಕರಿಚಿರತೆಯ ದರ್ಶನಕ್ಕಾಗಿ ಈಗ ಪ್ರವಾಸಿಗರು ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾಯುತ್ತಾರೆ. ಕರಿಚಿರತೆ ಎಂಬುದು ಬೇರೊಂದು ಪ್ರಾಣಿಯಲ್ಲ. ಮೈಬಣ್ಣ ಕಪ್ಪಾದ ಚಿರತೆಯೇ ಅದು. ಬಘೀರನೂ ಅದೇ. ಅಂದಮೇಲೆ ಆ ಬಾಲಕನ ಪ್ರಶ್ನೆ ಪ್ರಾಣಿಶಾಸ್ತ್ರದ ದೃಷ್ಟಿಯಿಂದ ನೂರಕ್ಕೆ ನೂರು ಸರಿಯಾದದ್ದು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಚಿತ್ರದಲ್ಲಿ ತಪ್ಪುಗಳಿವೆ. ಭಾರತದ ಕಾಡಿನಲ್ಲಿಲ್ಲದ ಒರಾಂಗುಟನ್ ಅಲ್ಲಿ ಕೋತಿಗಳ ರಾಜ. ಕಿಪ್ಲಿಂಗರಲ್ಲಿ ಆ ರಾಜನೇ ಇಲ್ಲ. ಕಥೆಯಲ್ಲಿ ಮೋಗ್ಲಿಗೆ ಮಿತ್ರನಾದ ಕಾ ಹೆಬ್ಬಾವು ಚಿತ್ರದಲ್ಲಿ ಶತ್ರು. ಕಲ್ಲು ಮಗುಚಿ ಇರುವೆ ತಿನ್ನುವ ಬಾಲೂ ಮಾತ್ರ ನಮ್ಮ ಕರಡಿಯೇ ಸರಿ. ಆದರೆ ನಸುಕಿನಲ್ಲಿ ತೋಟಕ್ಕೆ ನೀರು ಬಿಡಲು ಹೋಗಿ ಕರಡಿಗೆ ಮುಖಾಮುಖಿಯಾದವರನ್ನು ಕೇಳಿ ನೋಡಿ: ಅದು ಹಾಡು ಹೇಳುವುದಿಲ್ಲ.

ಶೇರ್ ಖಾನ್ ಎಂಬ ಹುಲಿಯ ವಿಷಯದಲ್ಲಿ ನಮಗೆ ಹೆಚ್ಚು ಯೋಚನೆಯಾಯಿತು. ಮನುಷ್ಯನ ಕೋವಿಗೂ ಬೆಂಕಿಗೂ ಅಂಜಿ ಆತ ಮನುಷ್ಯನ ಮರಿಯನ್ನು ದ್ವೇಷಿಸುತ್ತಾನೆ, ಆದ್ದರಿಂದ ದುಷ್ಟ. ಸಂತ ತೋಮಾಸ್ ಅಕ್ವಿನಾಸರು ಈ ಮಾತಿಗೆ ಒಪ್ಪುತ್ತಿರಲಿಲ್ಲ. ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಈಗ ಮಾಂಸ ತಿನ್ನುವ ಸಿಂಹವೂ ಗಿಡುಗವೂ ಆಗ ಸೊಪ್ಪು ತಿಂದುಕೊಂಡಿರಲಿಲ್ಲ ಎಂಬುದು ಅವರ ವಾದ. ಚಿರತೆ ನಾಯಿಯನ್ನು ಹೊತ್ತೊಯ್ದದ್ದು ಪಾಪವಲ್ಲ. ಗುರುಮಠದ ತರಗತಿಯಲ್ಲಿ ಇದನ್ನು ಓದಿ ಅಂಕ ಗಳಿಸಿದ ನಾವು, ಜಗಲಿಯಲ್ಲಿ ರಕ್ತದ ಕಲೆ ಕಂಡ ಮಗುವಿಗೆ ಇದನ್ನು ಹೇಳುವ ಬಗೆಯನ್ನು ಕಲಿತಿರಲಿಲ್ಲ.

ಆತನ ಅಂಜಿಕೆ ಅಜ್ಞಾನವೂ ಆಗಿರಲಿಲ್ಲ. 2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಗುಬ್ಬಿ ಹಾಗೂ ತುಮಕೂರು ಕಡೆಯ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಸಿಕ್ಕಿ ಮಡಿದವರಲ್ಲಿ ಎಳೆಯ ಮಕ್ಕಳೂ ಇದ್ದರು. ಹೆಸರಿನಲ್ಲಿ ನಮ್ಮ ಗುಬ್ಬಿಯನ್ನೇ ನೆನಪಿಸುವ ಇಟಲಿಯ ಗುಬ್ಬಿಯೊ ಪಟ್ಟಣದ ತೋಳವನ್ನು ಸಂತ ಫ್ರಾನ್ಸಿಸ್ಸರು ಪಳಗಿಸಿದ ಕಥೆ ಎಲ್ಲರಿಗೂ ಗೊತ್ತು. ಫ್ರಾನ್ಸಿಸ್ಸರು ಪಟ್ಟಣದವರಿಗೆ ‘ನಿಮ್ಮ ಭಯ ಸುಳ್ಳು’ ಎನ್ನಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮೊದಲು ತೋಳದ ಎದುರಿಗೇ ಅದು ಕೊಂದವರ ಲೆಕ್ಕ ಹೇಳಿದರು. ಹಸಿವಿನ ಮಾತು ಬಂದದ್ದು ಆಮೇಲೆ.

ಎರಡನೆಯ ಸಲ ನೋಡುವಾಗ ಕಣ್ಣಿಗೆ ಬಿದ್ದ ಸಂಗತಿ ಬಹಳ ಸರಳವಾದದ್ದು. ಚಿತ್ರದುದ್ದಕ್ಕೂ ಬಘೀರ ಹೇಳುವುದು ಒಂದೇ ಮಾತು: ಈ ಮಗು ಕಾಡಿನಲ್ಲಿರಬಾರದು, ಊರಿಗೆ ಸೇರಬೇಕು. ಮುದ್ದಿನಿಂದ ಇಟ್ಟುಕೊಳ್ಳಲು ಹೊರಟವನು ಬಾಲೂ. ಚಿರತೆಯೇ ಅವನಿಗೆ ಬುದ್ಧಿ ಹೇಳುತ್ತದೆ. ಕೊನೆಯಲ್ಲಿ ನೀರಿಗೆ ಬಂದ ಹುಡುಗಿಯ ಕೊಡ ಹೊತ್ತು ಮೋಗ್ಲಿ ಊರೊಳಗೆ ಹೋಗುತ್ತಾನೆ, ಪ್ರಾಣಿಗಳು ಹಿಂದಿರುಗುತ್ತವೆ. (ಕಿಪ್ಲಿಂಗರ ಕಥೆ ಇಷ್ಟು ಸೌಮ್ಯವಲ್ಲ, ಅಲ್ಲಿ ಊರು ಅವನನ್ನು ಕಲ್ಲು ಹೊಡೆದು ಓಡಿಸುತ್ತದೆ.) ಸ್ನೇಹದ ಪಾಠವೆಂದು ನಾವು ಬೋಧಿಸಿದ ಚಿತ್ರ ನಿಜವಾಗಿ ಹೇಳುತ್ತಿದ್ದದ್ದು ದೂರದ ಪಾಠವನ್ನು.

ದೂರ ಎಂಬುದು ಎರಡು ಕಡೆಗೂ ಸಲ್ಲಬೇಕು. ಶಿಬಿರದ ಮರುವಾರ ಆ ಬಾಲಕನ ಮನೆಗೆ ಹೋಗಿದ್ದೆವು. “ಕತ್ತಲಾದ ಮೇಲೆ ಬಚ್ಚಲಿಗೆ ಹೋಗುವುದಕ್ಕೂ ಹೆದರುತ್ತಾನೆ ಸ್ವಾಮಿ” ಎಂದರು ತಾಯಿ. ಹಿಂದಿರುಗುವಾಗ ಬೇಲಿಯ ಸಂದಿಯಲ್ಲಿ ತಂತಿಯ ಉರುಳೊಂದು ಕಂಡಿತು. “ಹಂದಿಗೆ” ಎಂದರು ತಂದೆ. ಹಂದಿಗೆಂದು ಒಡ್ಡಿದ ಉರುಳಿಗೆ ಸೊಂಟ ಸಿಕ್ಕಿ ಚಿರತೆಗಳು ನರಳಿ ಸಾಯುವುದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೆವು. 1972ರ ವನ್ಯಜೀವಿ ಕಾಯಿದೆಯು ಚಿರತೆಗೂ ಕರಡಿಗೂ ಮೊದಲನೆಯ ಪಟ್ಟಿಯಲ್ಲೇ ರಕ್ಷಣೆ ಕೊಟ್ಟಿದೆಯೆಂಬುದೂ ಗೊತ್ತಿತ್ತು. ಆದರೂ ಕಾಫಿ ಕುಡಿದು ಆಶೀರ್ವಾದ ಮಾಡಿ ಸುಮ್ಮನೆ ಬಂದೆವು. ಮಗುವಿಗೆ ಕೊಡಲಾಗದ ಉತ್ತರದ ನಾಚಿಕೆ ತಂದೆಯ ಮುಂದೆಯೂ ನಮ್ಮ ಬಾಯಿ ಕಟ್ಟಿತ್ತು. ಅಂದು ಆಡದ ಮಾತನ್ನು ಇಂದು ಇಲ್ಲಿ ಆಡುತ್ತಿದ್ದೇವೆ: ಆ ಉರುಳನ್ನು ಬಿಚ್ಚಿಡಿ. ನಾಯಿಯನ್ನು ರಾತ್ರಿ ಒಳಗೆ ಕಟ್ಟಿ, ಕೊಟ್ಟಿಗೆಗೆ ಭದ್ರವಾದ ಬಾಗಿಲಿಡಿ, ಮನೆಯ ಸುತ್ತಲ ಪೊದೆ ಸವರಿ.

ಈ ಬೇಸಿಗೆಯ ಶಿಬಿರದಲ್ಲಿ ಅದೇ ಚಿತ್ರವನ್ನು ಮತ್ತೆ ತೋರಿಸಲಿದ್ದೇವೆ. 78 ನಿಮಿಷದ ಚಿತ್ರ. ಮಧ್ಯಾಹ್ನ ಮೂರಕ್ಕೇ ಆರಂಭ. ತೋಟದ ಮನೆಗಳ ಮಕ್ಕಳನ್ನು ಬೆಳಕಿರುವಾಗಲೇ ಗುಂಪಾಗಿ ಮನೆ ಸೇರಿಸಲು ಹಿರಿಯರು ನಾಲ್ವರು ಬೇಕಾಗಿದ್ದಾರೆ. ಭಾನುವಾರದ ಬಲಿಪೂಜೆಯ ನಂತರ ಹೆಸರು ಕೊಡಬಹುದು.