ನಡುಗುವ ಆಟೋಮ್ಯಾಟಿಕ್: ಮೊದಲು ಇಳಿಸಬೇಕಾದದ್ದು ಆಯಿಲ್, ಗೇರ್‌ಬಾಕ್ಸ್ ಅಲ್ಲ

ಹಳೆಯ ಆಟೋಮ್ಯಾಟಿಕ್ ಕಾರು ಅರವತ್ತು ಎಪ್ಪತ್ತರ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರುವಾಗ, ಒಂದೆರಡು ಸೆಕೆಂಡು ಗಡಗಡ ನಡುಗಿ ಮತ್ತೆ ಸುಮ್ಮನಾಗುತ್ತದೆ. ಇದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಎರಡು ಸಿದ್ಧ ಉತ್ತರಗಳಿವೆ. ಗೇರ್‌ಬಾಕ್ಸ್ ಹೋಯಿತು, ಇಳಿಸಲೇಬೇಕು ಎನ್ನುವುದು ಒಂದು. ಇಷ್ಟು ವರ್ಷ ಬದಲಿಸದ ಆಯಿಲನ್ನು ಈಗ ಮುಟ್ಟಲೇಬೇಡಿ, ಮುಟ್ಟಿದರೆ ಗಾಡಿ ನಿಂತುಹೋಗುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ನಂಬಿದ ಮಾಲೀಕನಿಗೆ ಉಳಿಯುವ ದಾರಿ ಭಾರಿ ಖರ್ಚು, ಇಲ್ಲವೇ ಕಾರನ್ನು ಬಂದಷ್ಟು ಬೆಲೆಗೆ ಮಾರಿಬಿಡುವುದು. ಇನ್ನೂ ಎಷ್ಟೋ ವರ್ಷ ಓಡಬಹುದಾದ ಕಾರುಗಳು ಹೀಗೆ ಕೈಬಿಟ್ಟುಹೋಗುತ್ತಿವೆ. ನಡುಕ ಹುಟ್ಟುವುದು ಎಲ್ಲಿ ಎಂದು ತಿಳಿದರೆ ಈ ಎರಡೂ ಮಾತುಗಳ ಆಧಾರ ಎಷ್ಟು ತೆಳು ಎಂದು ಗೊತ್ತಾಗುತ್ತದೆ.

ಸಾಂಪ್ರದಾಯಿಕ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಎಂಜಿನ್ನಿನ ಶಕ್ತಿ ಆಯಿಲ್‌ನ ಹರಿವಿನ ಮೂಲಕ ದಾಟುತ್ತದೆ. ಹರಿವು ಎಂದ ಮೇಲೆ ಅಲ್ಲಿ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ, ಜಾರಿಕೆ ಎಂದರೆ ಇಂಧನ ನಷ್ಟ. ಅದನ್ನು ತಪ್ಪಿಸಲು ಒಂದು ವೇಗ ಮುಟ್ಟಿದ ಮೇಲೆ ಎರಡೂ ಬದಿಯನ್ನು ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಬಂತು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1949ರಲ್ಲೇ ಅದನ್ನು ಬಳಸಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ, 1978ರಲ್ಲಿ ಕ್ರೈಸ್ಲರ್ ತನ್ನ ಕಾರುಗಳಿಗೆ ಹಾಕಿತು, ಉಳಿದವರೂ ಅದೇ ದಾರಿ ಹಿಡಿದರು. ಈ ಕ್ಲಚ್ ಆಯಿಲ್‌ನಲ್ಲಿ ಮುಳುಗಿಕೊಂಡೇ ಹಿಡಿಯಬೇಕು, ಮೆಲ್ಲಗೆ ಹಿಡಿಯಬೇಕು. ಅದಕ್ಕಾಗಿಯೇ ಆಯಿಲ್‌ಗೆ ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಬಿಸಿ ತಿಂದು ತಿಂದು ಅವು ಸವೆದಾಗ ಘರ್ಷಣೆಯ ಗುಣವೇ ತಿರುವುಮುರುವಾಗುತ್ತದೆ: ಜಾರಿಕೆ ಕಡಿಮೆಯಾದಂತೆ ಹಿಡಿತ ಹೆಚ್ಚುತ್ತದೆ. ಆಗ ಕ್ಲಚ್ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಮರದ ಬೆಂಚನ್ನು ನೆಲದ ಮೇಲೆ ಎಳೆದಾಗ ಅದು ಜಾರದೆ ತಟತಟ ಹಾರುವುದು ಇದೇ ಕಾರಣಕ್ಕೆ. ಇದು ಬರೀ ಊಹೆಯಲ್ಲ. ಜಪಾನಿನ ಜಾಸೋ ಮಾನದಂಡಗಳಲ್ಲಿ ಎಂ349 ಎಂಬ ಪರೀಕ್ಷೆಯೇ ಇದೆ. ಒಂದು ಆಯಿಲ್ ಎಷ್ಟು ಗಂಟೆ ಕಾಲ ನಡುಕವನ್ನು ತಡೆದೀತು ಎಂದು ಅದರಲ್ಲಿ ಅಳೆಯುತ್ತಾರೆ. ನಡುಕ ತಡೆಯುವ ಶಕ್ತಿ ಆಯಿಲ್‌ನದು, ಆ ಶಕ್ತಿಗೆ ಆಯಸ್ಸಿದೆ ಎಂದು ಉದ್ಯಮವೇ ಒಪ್ಪಿಕೊಂಡಂತಾಯಿತು.

ಹಾಗಿದ್ದರೆ ‘ಲೈಫ್‌ಟೈಮ್ ಆಯಿಲ್’ ಎಂಬ ಮಾತು? ಅನೇಕ ಕಾರು ಕಂಪನಿಗಳು ಹಾಗೆ ಹೇಳಿದ್ದುಂಟು. ಆದರೆ ಬಿಎಂಡಬ್ಲ್ಯು ಮುಂತಾದವರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ತಡವೆಂದರೆ ಎಂಟು ವರ್ಷಕ್ಕೆ, ಆಯಿಲ್ ಬದಲಿಸಿ ಎನ್ನುತ್ತದೆ. ಪೆಟ್ಟಿಗೆ ತಯಾರಿಸಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬೆಂಗಳೂರಿನಂಥ ಊರಿನಲ್ಲಿ ಓಡುವ ಕಾರಿಗಂತೂ ಇದನ್ನು ಇನ್ನೂ ಬಿಗಿಯಾಗಿ ಅನ್ವಯಿಸಬೇಕು. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಲಾಕಪ್ ಕ್ಲಚ್ ಹಿಡಿಯುವುದೇ ಅಪರೂಪ. ಕನ್ವರ್ಟರ್ ದಿನವಿಡೀ ಜಾರುತ್ತ ಆಯಿಲನ್ನು ಕಾಯಿಸುತ್ತದೆ, ಮೀಟರಿನಲ್ಲಿ ಕಿಲೋಮೀಟರ್ ಮಾತ್ರ ಏರುವುದಿಲ್ಲ. ಊರೊಳಗೆ ತಿಳಿಯದ ನಡುಕ ನೆಲಮಂಗಲ ದಾಟಿ ತುಮಕೂರು ರಸ್ತೆಗೆ ಬಿದ್ದಾಗ ಕಾಣಿಸಿಕೊಳ್ಳುವುದೂ ಅದಕ್ಕೇ. ಕಡಿಮೆ ಓಡಿದ ಗಾಡಿ ಎಂದು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಬಲವಾದ ಆಕ್ಷೇಪಕ್ಕೆ ಬರೋಣ. ಹಳೆಯ ಆಯಿಲ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಕೆಟ್ಟ ಉದಾಹರಣೆಗಳು ನಿಜಕ್ಕೂ ಇವೆಯಲ್ಲ? ಇವೆ, ಅದನ್ನು ಸುಳ್ಳೆನ್ನಲಾಗದು. ಆದರೆ ಹೆಚ್ಚಿನ ಮಾಲೀಕರು ಗೇರ್‌ಬಾಕ್ಸ್ ಆಯಿಲ್‌ನ ಯೋಚನೆ ಮಾಡುವುದೇ ತೊಂದರೆ ಶುರುವಾದ ಮೇಲೆ. ಕ್ಲಚ್ ಪ್ಲೇಟುಗಳು ಸುಟ್ಟು, ಗೇರ್ ಜಾರಲು ತೊಡಗಿದ ಪೆಟ್ಟಿಗೆಗೆ ಹೊಸ ಆಯಿಲ್ ಹಾಕಿದರೆ ಅದು ಮೊದಲೇ ಹಿಡಿದಿದ್ದ ಹಾದಿಯಲ್ಲೇ ಸಾಗುತ್ತದೆ. ಹೊಸ ಆಯಿಲ್ ಅದನ್ನು ಕೆಲವು ದಿನ ಮುಂಚೆಯೇ ಬಯಲಿಗೆ ತಂದರೂ ತರಬಹುದು. ಕೊನೆಗಾಲದಲ್ಲಿ ಬಂದ ಔಷಧಕ್ಕೆ ಸಾವಿನ ಅಪವಾದ ಹೊರಿಸಿದರೆ ನ್ಯಾಯವಾಗುವುದಿಲ್ಲ. ಹಳೆಯ ಆಯಿಲ್‌ನಲ್ಲಿ ತೇಲುವ ಪುಡಿಯೇ ಹಿಡಿತ ಕೊಡುತ್ತಿತ್ತು ಎನ್ನುವವರೂ ಇದ್ದಾರೆ. ಆ ಪುಡಿ ಕ್ಲಚ್‌ನಿಂದಲೇ ಉದುರಿದ್ದು. ಸವೆದ ಪದರವನ್ನು ಅದು ಮತ್ತೆ ಕಟ್ಟಲಾರದು, ವಾಲ್ವುಗಳ ಸಣ್ಣ ದಾರಿಗಳನ್ನು ಕಟ್ಟಿಹಾಕಬಲ್ಲದು. ಬದಲಾವಣೆಯಿಂದ ನಿಜವಾಗಿ ಹಾನಿಯಾಗುವುದು ತಪ್ಪು ಆಯಿಲ್ ಹಾಕಿದಾಗ, ಮಟ್ಟ ಸರಿಯಾಗಿ ನೋಡದಿದ್ದಾಗ, ಮೆಷಿನ್ನಿನ ಒತ್ತಡದಲ್ಲಿ ಒಳಗಿನ ಕೊಳೆಯನ್ನು ಕದಡಿದಾಗ. ಈ ಮೂರೂ ಕೆಲಸದ ದೋಷಗಳು.

ಆದರೆ ನಡುಕವೆಲ್ಲ ಆಯಿಲ್‌ನದೇ ಎನ್ನುವುದೂ ಇನ್ನೊಂದು ತಪ್ಪು ಕಲ್ಪನೆ. ಎಂಜಿನ್ನಿನ ಒಂದು ಸಿಲಿಂಡರ್ ಆಗಾಗ ಫೈರ್ ಆಗದಿದ್ದರೆ, ಅಂದರೆ ಮಿಸ್‌ಫೈರ್ ಆದರೆ, ಬಹುತೇಕ ಇದೇ ಅನುಭವವಾಗುತ್ತದೆ. ಒಂದು ಪರೀಕ್ಷೆ ಪ್ರಸಿದ್ಧವಾಗಿದೆ: ಖಾಲಿ ನೇರ ರಸ್ತೆಯಲ್ಲಿ, ನಡುಕ ಬಂದಾಗ, ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕನ್ನು ಹಿಂದಿನ ದೀಪ ಹೊತ್ತುವಷ್ಟು ಮಾತ್ರ ಸವರುವುದು. ಬ್ರೇಕ್ ಸ್ವಿಚ್ ಒತ್ತಿದೊಡನೆ ಲಾಕಪ್ ಬಿಡುತ್ತದೆ, ನಡುಕ ನಿಂತರೆ ಅನುಮಾನ ಅದರ ಮೇಲೆಯೇ. ಉಪಯುಕ್ತ ಪರೀಕ್ಷೆ, ಆದರೂ ಇದನ್ನೇ ತೀರ್ಪೆಂದು ಹಿಡಿಯಬಾರದು. ಲಾಕಪ್ ಬಿಟ್ಟಾಗ ಮಿಸ್‌ಫೈರ್‌ನ ಹೊಡೆತವನ್ನೂ ಆಯಿಲ್ ಹೀರಿಕೊಳ್ಳುವುದರಿಂದ ಅದೂ ಮಾಯವಾದಂತೆ ಕಾಣಬಹುದು. ಆದ್ದರಿಂದ ಸ್ಕ್ಯಾನರ್ ಹಾಕಿಸಲೇಬೇಕು. ಪಿ0300ರಿಂದ ಶುರುವಾಗುವ ಕೋಡುಗಳು ಮಿಸ್‌ಫೈರ್ ಹೇಳುತ್ತವೆ, ಆಗ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ನೋಡಬೇಕು. ಪಿ0741 ಬಂದರೆ ಅದು ಲಾಕಪ್‌ನ ದೂರು. ಜೋರಾಗಿ ಪಿಕಪ್ ಕೊಟ್ಟಾಗ ಮಾತ್ರ ನಡುಗಿ, ಕಾಲು ತೆಗೆದೊಡನೆ ನಿಲ್ಲುವುದಾದರೆ ಆಕ್ಸಲ್ಲಿನ ಒಳ ಜಾಯಿಂಟ್ ಸವೆದಿರಬಹುದು. ಡಿಯಲ್ಲಿಟ್ಟು ಸಿಗ್ನಲ್ಲಿನಲ್ಲಿ ನಿಂತಾಗಿನ ಅದುರುವಿಕೆ ಹೆಚ್ಚಾಗಿ ಎಂಜಿನ್ ಮೌಂಟಿಂಗ್‌ನದು.

ಕೆಂಪಗಿದ್ದರೆ ಸಾಕು, ಯಾವ ಆಯಿಲ್ ಆದರೂ ಆದೀತು ಎಂಬ ಧೋರಣೆ ಎಲ್ಲಕ್ಕಿಂತ ದುಬಾರಿ. ಆ ಕೆಂಪು ಬರೀ ಬಣ್ಣ, ಸೋರಿಕೆ ಗುರುತಿಸಲು ಹಾಕಿದ್ದು. ಟೊಯೋಟಾದ ಡಬ್ಲ್ಯುಎಸ್, ಹೋಂಡಾದ ಡಿಡಬ್ಲ್ಯು-1, ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್ ಇವುಗಳ ಘರ್ಷಣೆಯ ಹದವೇ ಬೇರೆ ಬೇರೆ. ಸಿವಿಟಿಯ ಆಯಿಲ್ ಮತ್ತೂ ಬೇರೆ. ಟಾರ್ಕ್ ಕನ್ವರ್ಟರೇ ಇಲ್ಲದ ಎಎಂಟಿ ಮತ್ತು ಒಣ ಕ್ಲಚ್ಚಿನ ಡಿಎಸ್‌ಜಿಗಳಿಗೆ ಈ ವಾದ ಹೊಂದುವುದಿಲ್ಲ, ಅಲ್ಲಿ ನಡುಕ ಹುಟ್ಟುವುದು ಕ್ಲಚ್ ಪ್ಲೇಟಿನಲ್ಲೇ. ನಡುಕ ನಿಲ್ಲಿಸುವುದಾಗಿ ಬರುವ ಸಣ್ಣ ಸೀಸೆಗಳಲ್ಲಿರುವುದೂ ಘರ್ಷಣೆಯ ಹದ ತಿದ್ದುವ ಅದೇ ಬಗೆಯ ರಾಸಾಯನಿಕ. ಅವು ಕೆಲವೊಮ್ಮೆ ಕೆಲಸ ಮಾಡುತ್ತವೆ, ಆದರೆ ಸವೆದ ಆಯಿಲ್‌ನ ಉಳಿದ ಗುಣಗಳನ್ನು ಮರಳಿ ತರಲಾರವು.

ಚೇಂಬರಿನ ನಟ್ಟು ಬಿಚ್ಚಿ ಒಮ್ಮೆ ಇಳಿಸಿದರೆ ಆಯಿಲ್ ಪೂರ್ತಿ ಬರುವುದಿಲ್ಲ, ಕನ್ವರ್ಟರಿನೊಳಗಿನದು ಅಲ್ಲೇ ಉಳಿಯುತ್ತದೆ. ಪ್ರತಿ ಸಲ ಮೂರನೇ ಒಂದು ಭಾಗ ಮಾತ್ರ ಬದಲಾಗುತ್ತದೆ ಎಂದಿಟ್ಟುಕೊಂಡರೆ, ನಡುನಡುವೆ ಸ್ವಲ್ಪ ಓಡಿಸಿ ಮೂರು ಸಲ ಮಾಡಿದಾಗ ಸುಮಾರು 70 ಪ್ರತಿಶತ ಹೊಸದಾಗುತ್ತದೆ. ಒಂದೇ ಸಲಕ್ಕೆ ನಡುಕ ಹೋಗಲಿಲ್ಲವೆಂದು ಕೈಚೆಲ್ಲುವುದು ಅವಸರವಾದೀತು. ಮೊದಲ ಸಲ ಇಳಿದ ಆಯಿಲ್ ಸುಟ್ಟ ವಾಸನೆ ಬೀರಿ, ಚೇಂಬರಿನಲ್ಲಿ ಲೋಹದ ಚೂರುಗಳು ಸಿಕ್ಕರೆ ಮಾತ್ರ ಲೆಕ್ಕ ಬೇರೆ. ಅಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಕೆಸರು ಸಹಜ, ಕೈಗೆ ಚುಚ್ಚುವ ಚೂರು ಸಹಜವಲ್ಲ. ಲಾಕಪ್ ಕ್ಲಚ್ಚಿನ ಪದರ ಗಾಜಿನಂತೆ ನುಣುಪಾಗಿದ್ದರೂ, ಅದರ ಒತ್ತಡ ನೋಡಿಕೊಳ್ಳುವ ವಾಲ್ವ್ ಸವೆದಿದ್ದರೂ ಆಯಿಲ್ ಬದಲಿಸಿ ಗೆಲ್ಲಲಾಗದು. ಆಗ ಗೇರ್‌ಬಾಕ್ಸ್ ಇಳಿಸಿ ಎನ್ನುವ ಮೆಕ್ಯಾನಿಕ್ ಹೇಳುವುದು ಸರಿ. ಅಲ್ಲಿಯವರೆಗೆ ಒಪ್ಪಿಗೆ ಕೊಡಬೇಡಿ. ಸ್ಕ್ಯಾನರಿನಲ್ಲಿ ಏನು ಬಂತೆಂದು ಕೇಳಿ, ಇಳಿಸಿದ ಆಯಿಲನ್ನು ಕಣ್ಣಾರೆ ನೋಡಿ, ಹಾಕಿದ ಆಯಿಲ್‌ನ ಸ್ಪೆಸಿಫಿಕೇಷನ್ ಯಾವುದು, ಎಷ್ಟು ಲೀಟರ್ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.